ಬಿಳಿ, ಬೂದಿ ಮತ್ತು ಯಡ್ತರೆಯ ದೊಡ್ಡಮ್ಮ

ನಮ್ಮ ಮನೆಗೆ ಮೊಲಗಳು ಬಂದದ್ದು ನನ್ನನ್ನು ಕೇಳಿ ಅಲ್ಲ. ನನ್ನ ಗಂಡ ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಒಂದು ರಜೆಯ ದಿನ ಗೆಳೆಯರ ಜೊತೆ ಬ್ರಹ್ಮಾವರಕ್ಕೆ ಹೋದವರು ಸಂಜೆ ರಟ್ಟಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಪೆಟ್ಟಿಗೆಯೊಳಗೆ ಎರಡು ಮರಿ. ಒಂದು ಪೂರ್ತಿ ಬಿಳಿ, ಇನ್ನೊಂದು ಒಲೆಯ ಬೂದಿಯ ಬಣ್ಣದ್ದು. ಎರಡೂ ಹೆಣ್ಣೇ, ಜೊತೆಗೇ ಬೆಳೆದವು, ಜಗಳವಿಲ್ಲದೆ ಇರುತ್ತವೆ ಎಂದು ಮಾರಿದವನು ಹೇಳಿದ್ದನಂತೆ.

ಮಗಳು ಆಗ ಐದನೇ ತರಗತಿ. ಅವಳು ಇಟ್ಟ ಹೆಸರುಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ನಮಗೆ ಅವು ಬಿಳಿ ಮತ್ತು ಬೂದಿ ಎಂದೇ ಉಳಿದವು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುವವಳು. ಜನರ ಒಳ್ಳೊಳ್ಳೆಯ ಸೀರೆ, ರೇಷ್ಮೆಯ ತುಂಡು ಇರುವ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿ ಬೇಡ ಎಂದು ಎರಡು ದಿನ ಗೊಣಗಿದೆ. ಮೂರನೆಯ ದಿನ ಮಷಿನ್ ತುಳಿಯುತ್ತಿದ್ದಾಗ ಕಾಲಿನ ಹತ್ತಿರ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದರೆ ಎರಡೂ ಒಂದರ ಪಕ್ಕ ಒಂದು ಒತ್ತಿಕೊಂಡು, ಬೂದಿಯ ಕಿವಿಯ ಮೇಲೆ ಬಿಳಿಯ ಗದ್ದ ಇಟ್ಟುಕೊಂಡು, ಮಷಿನ್ನಿನ ಸದ್ದಿಗೆ ನಿದ್ದೆ ಹೋಗಿದ್ದವು. ಆಮೇಲೆ ನಾನು ಗೊಣಗಲಿಲ್ಲ. ಹಿತ್ತಿಲಿಗೆ ಹೋಗಿ ಗರಿಕೆ ಕಿತ್ತು ತರುವ ಕೆಲಸವೂ ನನ್ನದೇ ಆಯಿತು.

ಮೂರು ತಿಂಗಳು ಅವು ಹಾಗೇ ಇದ್ದವು. ಒಂದೇ ಎಲೆಯನ್ನು ಎರಡು ತುದಿಯಿಂದ ತಿನ್ನುತ್ತಾ ನಡುವೆ ಮೂಗಿಗೆ ಮೂಗು ತಾಗಿಸುವವು. ಒಂದು ಮೊಲ ಕಣ್ಣು ಮುಚ್ಚಿದರೆ ಇನ್ನೊಂದು ಅದರ ಹಣೆ ನೆಕ್ಕುವುದು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಕೆಲಸ ಮುಗಿದರೂ ಹೋಗದೆ ಇವುಗಳನ್ನು ನೋಡುತ್ತಾ ಕುಳಿತುಬಿಡುತ್ತಿದ್ದರು.

ಆಮೇಲೆ ನೆಲದ ಮೇಲೆ ರೋಮದ ಉಂಡೆ ಸಿಗತೊಡಗಿತು. ಸೆಕೆಗೆ ಕೂದಲು ಉದುರುತ್ತಿದೆ ಎಂದುಕೊಂಡೆ. ಬೂದಿ ಬಿಳಿಯ ಸುತ್ತ ಗುರುಗುಟ್ಟುತ್ತಾ ಸುತ್ತುವುದು, ಹಿಂದಿನಿಂದ ಹತ್ತುವುದು, ಬಿಳಿ ತಿರುಗಿ ಮುಂಗಾಲು ಎತ್ತಿ ಹೊಡೆಯುವುದು, ಇದನ್ನೆಲ್ಲ ಮಗಳು ಆಟವೆಂದು ನಗುತ್ತಾ ನೋಡುತ್ತಿದ್ದಳು. ನಾನೂ ನಕ್ಕೆ. ಒಂದು ಬೆಳಿಗ್ಗೆ ಬಿಳಿಯ ಬೆನ್ನಿನಲ್ಲಿ ಕಾಸಿನಗಲ ಚರ್ಮ ಬರಿದಾಗಿ, ರಕ್ತ ಒಣಗಿತ್ತು. ಬೂದಿಯನ್ನು ಬಚ್ಚಲಿಗೆ ಹಾಕಿ ಬಾಗಿಲು ಮುಚ್ಚಿದೆ. ಬಿಳಿ ಅವತ್ತು ಮಧ್ಯಾಹ್ನದವರೆಗೆ ಏನೂ ಮುಟ್ಟಲಿಲ್ಲ. ಜೊತೆ ಇಲ್ಲದ್ದಕ್ಕೆ ಉಪವಾಸ ಬಿದ್ದಿದೆ ಎಂದು ನನಗೆ ಅನಿಸಿತು. ಹದಿನಾರು ಜನರಿದ್ದ ಮನೆಯಲ್ಲಿ ಬೆಳೆದವಳು ನಾನು. ಜಗಳವಾಡಿದ ಮಕ್ಕಳನ್ನು ಒಂದೇ ಚಾಪೆಯಲ್ಲಿ ಮಲಗಿಸಿದರೆ ಸರಿಹೋಗುತ್ತಾರೆ ಎಂಬುದು ನಮ್ಮ ಮನೆಯ ರೀತಿ. ಬಚ್ಚಲಿನ ಬಾಗಿಲು ತೆರೆದು ಎರಡನ್ನೂ ಮತ್ತೆ ಸೇರಿಸಿದೆ. ಹತ್ತು ನಿಮಿಷದಲ್ಲಿ ಕೋಣೆಯ ತುಂಬ ಬಿಳಿ ರೋಮ. ಬಿಡಿಸಲು ಹೋದ ನನ್ನ ಹೆಬ್ಬೆರಳಿಗೂ ಹಲ್ಲು ಬಿತ್ತು.

ಆಗ ಯಡ್ತರೆಯ ದೊಡ್ಡಮ್ಮನಿಗೆ ಫೋನ್ ಮಾಡಿದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬೈಂದೂರಿನ ಸುತ್ತಲಿನ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನರ್ಸ್ ಆಗಿ ಆಯುಷ್ಯ ಕಳೆದವರು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಯಡ್ತರೆಯಲ್ಲಿ ಎರಡು ಕೋಣೆ, ಒಂದು ದೊಡ್ಡ ಜಗುಲಿಯ ಮನೆ ಕಟ್ಟಿಸಿಕೊಂಡರು. ಮನೆಗಿಂತ ಜಗುಲಿ ಯಾಕೆ ದೊಡ್ಡದು ಎಂದು ಮೇಸ್ತ್ರಿ ಕೇಳಿದ್ದನಂತೆ. ಯಾರೋ ಗೇಟಿನ ಬಳಿ ಗೊಬ್ಬರದ ಚೀಲದಲ್ಲಿ ಎರಡು ಮೊಲ ಬಿಟ್ಟುಹೋದ ಮೇಲೆ ಆ ಜಗುಲಿಗೆ ಕೆಲಸ ಸಿಕ್ಕಿತು. ನಾನು ಫೋನ್ ಮಾಡುವ ಹೊತ್ತಿಗೆ ಅವರ ಬಳಿ ಏಳು ಮೊಲಗಳಿದ್ದವು. ಸಾಕಲಾಗದವರು, ಏನು ಮಾಡುವುದೆಂದು ತಿಳಿಯದವರು ಎಲ್ಲ ಅವರ ಹತ್ತಿರ ಹೋಗುತ್ತಿದ್ದರು. ಮದುವೆ ಮನೆಗಳಲ್ಲಿ ಅವರನ್ನು ಕಂಡರೆ ನಾವು ಮಕ್ಕಳು ಸ್ವಲ್ಪ ದೂರವೇ ನಿಲ್ಲುತ್ತಿದ್ದೆವು. ಇಂಜೆಕ್ಷನ್ ಕೊಡುವವರು ಎಂಬ ಭಯ ದೊಡ್ಡವಳಾದ ಮೇಲೂ ನನ್ನಲ್ಲಿ ಪೂರ್ತಿ ಹೋಗಿರಲಿಲ್ಲ.

ನಾನು ಫೋನಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ಹೊರಟೆ. ಅವರು ತಡೆದರು. "ಈಗಳ್ ಎಂತದೂ ಹೇಳ್ಬೇಡ. ಎರಡನ್ನೂ ಬೇರೆ ಬೇರೆ ಇಡ್. ನಾ ಬಂದ್ ಕಾಂತೆ."

ಮರುದಿನ ಹನ್ನೊಂದರ ಬಸ್ಸಿಗೆ ಬಂದರು. ಕಾಫಿ ಕುಡಿದು, ಅಡುಗೆಮನೆಯಿಂದ ತೆಂಗಿನಕಾಯಿ ತುರಿಯುವ ಮಣೆಯನ್ನೇ ಎತ್ತಿಕೊಂಡು ಬಂದು, ಅದರ ಹಲ್ಲನ್ನು ಮಡಚಿ ಮೂಲೆಯಲ್ಲಿ ಹಾಕಿ ಅದರ ಮೇಲೆ ಕುಳಿತರು. ಒಂದು ಸಲಕ್ಕೆ ಒಂದು ಮೊಲವನ್ನು ಕೋಣೆಗೆ ಬಿಡಲು ಹೇಳಿದರು. ಅಷ್ಟೇ. ಗಂಟೆ ಕಳೆಯಿತು. ನಾನು ಅಳತೆ ತೆಗೆದೆ, ಗಿರಾಕಿಗಳ ಜೊತೆ ಮಾತಾಡಿದೆ, ಎರಡು ಬ್ಲೌಸಿಗೆ ಹುಕ್ಕು ಹಾಕಿದೆ. ದೊಡ್ಡಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು. ಕಡೆಗೆ ತಡೆಯಲಾರದೆ ಏನು ಗೊತ್ತಾಯಿತು ಎಂದು ಕೇಳಿದೆ.

"ತಡಿ ಮಗಾ," ಅಂದರು ನನ್ನ ಕಡೆ ನೋಡದೆಯೇ. "ಅವು ನನ್ನ ಮರೀಕ್. ಮರ್ತ ಮೇಲೆ ಗೊತ್ತಾತ್ತ್." ತಾವು ಅಲ್ಲಿರುವುದನ್ನು ಮೊಲಗಳು ಮರೆಯಬೇಕಂತೆ.

ಸಂಜೆ ನಾಲ್ಕರ ಹೊತ್ತಿಗೆ ಎದ್ದರು. ಬೂದಿಯನ್ನು ಎದೆಗೆ ಒರಗಿಸಿ, ಒಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಟ್ಟು, ಮಗುವಿನ ಬಟ್ಟೆ ಬಿಚ್ಚುವಷ್ಟು ಮೆಲ್ಲಗೆ ತಿರುಗಿಸಿ ನೋಡಿದರು. ಆಮೇಲೆ ಬಿಳಿಯನ್ನು ಎತ್ತಿಕೊಂಡು ಅದರ ಹೊಟ್ಟೆಯ ಕೆಳಗೆ ಎರಡು ಬೆರಳನ್ನು ಆಡಿಸಿದರು. ಆ ಬೆರಳುಗಳು ನೂರಾರು ಬಸುರಿಯರ ಹೊಟ್ಟೆ ನೋಡಿದ ಬೆರಳುಗಳು.

"ಇದ್ ಗಂಡ್," ಬೂದಿಯ ಕಡೆ ಗದ್ದ ಎತ್ತಿದರು. "ಬಿಳಿದ್ ಬಸ್ರಿ."

ನನ್ನ ಗಂಡ ಬ್ರಹ್ಮಾವರದ ಮಾರಾಟಗಾರನಿಗೆ ಫೋನಿನಲ್ಲಿ ಬೈಯಲು ಹೊರಟರು. ದೊಡ್ಡಮ್ಮ ಬೇಡವೆಂದರು, ಅಷ್ಟು ಚಿಕ್ಕ ಮರಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಅವರೇ ಎರಡು ಸಲ ತಪ್ಪಿದ್ದರಂತೆ. ಜಗಳ ಬಂದದ್ದು ಪ್ರೀತಿ ಕಡಿಮೆಯಾಗಿ ಅಲ್ಲ, ಪ್ರಾಯಕ್ಕೆ ಬಂದದ್ದರಿಂದ ಎಂದು ವಿವರಿಸಿದರು. ಮೂರೂವರೆ, ನಾಲ್ಕು ತಿಂಗಳಾದರೆ ಎಂಥ ಜೊತೆಯನ್ನೂ ಒಮ್ಮೆ ಸರಿಯಾಗಿ ಗಮನಿಸಬೇಕು. ಓಡಿಸುವುದು, ಒಂದೆರಡು ಸಲ ಹತ್ತುವುದು ಇದ್ದರೆ ನೋಡುತ್ತಾ ಇರಬಹುದು. ಕಿವಿ ಹಿಂದಕ್ಕೆ ಅಂಟಿಸಿ, ಬಾಲ ಎತ್ತಿ ಎದುರಿಗೆ ನಿಂತರೆ ಕೈ ಹಾಕದೆ, ತಕ್ಷಣ ನಡುವೆ ಏನಾದರೂ ತೂರಿಸಬೇಕು. ಚರ್ಮ ಹರಿಯಿತೆಂದರೆ ಆ ದಿನವೇ ಬೇರೆ ಮಾಡಬೇಕು, ನಾಳೆ ನೋಡೋಣ ಎನ್ನುವ ಮಾತಿಲ್ಲ.

ಗಂಡ ಕಬ್ಬಿಣದ ಜಾಲರಿ ತಂದು ಕೋಣೆಯ ಹಿಂಭಾಗವನ್ನು ಎರಡು ಪಾಲು ಮಾಡಿದರು. ಬೂದಿಯನ್ನು ಕಣ್ಣಿಗೆ ಬೀಳದಂತೆ ಹಿಂದಿನ ಚಾವಡಿಗೆ ಹಾಕೋಣವೇ ಎಂದು ಅವರು ಕೇಳಿದಾಗ ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು. "ಕಾಣ್ಲಿ, ಮೂಸ್ಲಿ, ಹತ್ರ ಮನಿಕಣ್ಲಿ. ಮುಟ್ಟುದ್ ಮಾತ್ರ ಬ್ಯಾಡ." ಜಾಲರಿಯನ್ನೂ ಒಂದಲ್ಲ, ಬೆರಳಗಲ ಬಿಟ್ಟು ಎರಡು ಹಾಕಿಸಿದರು. ಒಂದೇ ಇದ್ದರೆ ಸಂದಿನಲ್ಲಿ ಮೂಗು ತೂರಿಸಿ ಕಚ್ಚಿಕೊಳ್ಳುತ್ತವೆಯಂತೆ.

ಮಗಳು ಜಾಲರಿಯ ಹತ್ತಿರ ಕುಳಿತು ಅಳುತ್ತಿದ್ದಳು. ಬೂದಿಗೆ ಬೇಜಾರಾಗುವುದಿಲ್ಲವೇ ಎಂದು ದೊಡ್ಡಮ್ಮನನ್ನು ಕೇಳಿದಳು. ಮಕ್ಕಳಿಗೆ ನಾವು ಹೇಳುವ ಸಿಹಿ ಸುಳ್ಳನ್ನು ದೊಡ್ಡಮ್ಮ ಹೇಳಲಿಲ್ಲ.

"ಆತ್ತ್. ಬೇಜಾರ್ ಆತ್ತ್. ಬೇಜಾರಿಂದ ಸಾಯ್ತಿಲ್ಲೆ ಮಗಾ, ಕಚ್ಚಿರೆ ಸಾಯತ್ತ್."

ಮಗಳು ಮೂಗು ಒರೆಸಿಕೊಂಡಳು.

ಎರಡು ವಾರ ಕಳೆದು ಬಿಳಿ ತನ್ನ ಎದೆಯ ರೋಮವನ್ನು ತಾನೇ ಕಿತ್ತು, ನಾನು ಕೊಟ್ಟ ಹುಲ್ಲಿನ ಜೊತೆ ಸೇರಿಸಿ ಮೂಲೆಯ ಪೆಟ್ಟಿಗೆಯಲ್ಲಿ ಹಾಸಿತು. ಮರುದಿನ ಬೆಳಿಗ್ಗೆ ಆ ರೋಮ ಉಸಿರಾಡುತ್ತಿತ್ತು. ಕೆಳಗೆ ಐದು ಮರಿ. ಕಣ್ಣು ತೆರೆಯದ, ಕೂದಲಿಲ್ಲದ, ಬೆರಳುದ್ದದ ಜೀವಗಳು. ಒಂದು ಆಗಲೇ ಸತ್ತಿತ್ತು. ಅದನ್ನು ತೆಗೆದು ಉಳಿದವನ್ನು ಮುಚ್ಚಿಡಲು ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ನನಗೆ ಬೇರೆ ಚಿಂತೆ ಶುರುವಾಯಿತು. ಬಿಳಿ ಇಡೀ ದಿನ ಮರಿಗಳ ಹತ್ತಿರ ಹೋಗಲೇ ಇಲ್ಲ. ಕೋಣೆಯ ಇನ್ನೊಂದು ತುದಿಯಲ್ಲಿ ಕಾಲು ಚಾಚಿ ಮಲಗಿತ್ತು. ತಾಯಿ ಬಿಟ್ಟುಬಿಟ್ಟಿದೆ, ಹತ್ತಿಯಲ್ಲಿ ಅದ್ದಿ ಹಾಲು ಕೊಡಲೇ ಎಂದು ಕೇಳಿದೆ.

"ಬ್ಯಾಡ. ಬೆಳಿಗ್ಗೆ ಎದ್ದ್ ಮರಿಗಳ ಹೊಟ್ಟಿ ಕಾಣ್. ಗುಂಡಗಿದ್ರೆ ತಾಯಿ ಬಂದ್ ಹೋಯ್ತ್ ಹೇಳಿ ಲೆಕ್ಕ."

ಬೆಳಿಗ್ಗೆ ನೋಡಿದೆ. ನಾಲ್ಕು ಹೊಟ್ಟೆಯೂ ಪುಟ್ಟ ನಿಂಬೆಹಣ್ಣಿನಂತೆ ಬಿಗಿದುಕೊಂಡಿದ್ದವು. ದಿನಕ್ಕೆ ಒಂದೆರಡು ಸಲ, ನಾಲ್ಕೈದು ನಿಮಿಷ ಮಾತ್ರ ಹಾಲು ಕೊಟ್ಟು ದೂರ ಹೋಗುವುದು ಅವುಗಳ ರೀತಿಯಂತೆ. ತಾಯಿ ದೂರ ಇದ್ದರೆ ಮರಿಗಳಿರುವ ಜಾಗ ಬೇಟೆಯ ಪ್ರಾಣಿಗೆ ತಿಳಿಯುವುದಿಲ್ಲ. ದೂರ ಕೂತಿದ್ದೇ ಅದರ ಜತನ. ಇದನ್ನು ಕೇಳಿದ ದಿನ ಬಿಳಿಯ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಹೋಗಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ನಾನು ಒಂದು ತಪ್ಪು ಮಾಡಿದೆ. ಮರಿಗಳಿಗೆ ಹತ್ತು ದಿನವಾಗಿತ್ತು, ಕಣ್ಣು ಬಿಡುತ್ತಿದ್ದವು. ಬೂದಿ ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಜಾಲರಿಗೆ ಮೈ ಒತ್ತಿಕೊಂಡು ಕೂತಿರುವುದು. ಒಂದು ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಳು, ಗಂಡ ಕೊಲ್ಲೂರಿನ ಟ್ರಿಪ್ಪಿನಲ್ಲಿದ್ದರು. ಮಕ್ಕಳ ಮುಖ ಅಪ್ಪ ನೋಡಲಿ ಎಂದುಕೊಂಡು ಜಾಲರಿ ಸರಿಸಿದೆ. ಅದು ನನ್ನ ಆಸೆಯೇ ಹೊರತು ಬೂದಿಯದಲ್ಲ ಎಂದು ಆಗ ತಿಳಿಯಲಿಲ್ಲ. ಬೂದಿ ಮರಿಗಳ ಕಡೆ ತಿರುಗಿಯೂ ನೋಡದೆ ನೇರ ಬಿಳಿಯ ಮೇಲೆ ಹೋಯಿತು. ಬಿಳಿ ನೆಗೆದದ್ದು ಮಾತ್ರ ಕಂಡೆ. ನಾನು ಹಳೆಯ ಬೆಡ್‌ಶೀಟ್ ಎಸೆದು ಬಿಡಿಸುವಷ್ಟರಲ್ಲಿ ಬೂದಿಯ ಎಡಗಿವಿಯ ತುದಿ ಹರಿದು ಜೋತುಬಿದ್ದಿತ್ತು.

ಜಾಲರಿ ತಾಗಿ ಹರಿಯಿತು ಎಂದು ಮನೆಯವರಿಗೆ ಹೇಳಿದೆ. ಭಾನುವಾರ ಬಂದ ದೊಡ್ಡಮ್ಮನಿಗೂ ಹಾಗೇ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಕಿವಿಯನ್ನು ಬೆಳಕಿಗೆ ಹಿಡಿದರು. ಉಪ್ಪುನೀರಿನಲ್ಲಿ ತೊಳೆದರು, ಮುಲಾಮು ಹಚ್ಚಿದರು. ಮಗಳು ಆಚೆ ಹೋದ ಮೇಲೆ ತಗ್ಗಿದ ದನಿಯಲ್ಲಿ, "ಇದ್ ಜಾಲರಿ ಅಲ್ಲ. ಹಲ್ಲ್. ಯಾವತ್ತ್ ಬಿಟ್ಟದ್?" ಎಂದು ಕೇಳಿದರು.

ನನಗೆ ಅಳು ಬಂತು. ದಿನ ಹೇಳಿದೆ, ಎಷ್ಟು ಹೊತ್ತು ಎಂದು ಹೇಳಿದೆ, ಯಾಕೆ ಎಂದೂ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿನಲ್ಲಿ ಮೊಲದ ಬಸಿರಿನ ಮೂವತ್ತೊಂದು ದಿನ ಎಣಿಸಿ ಒಂದು ಚೌಕಕ್ಕೆ ನನ್ನ ಮಾರ್ಕಿಂಗ್ ಚಾಕಿನಿಂದ ಗೆರೆ ಎಳೆದರು. ಅವತ್ತಿನವರೆಗೆ ಬಿಳಿಗೆ ಹುಲ್ಲು, ಸೊಪ್ಪು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮತ್ತೆ ಬಸಿರಾಗಿದ್ದರೆ ಈ ನಾಲ್ಕರ ಹಾಲು ಬೇಗ ನಿಲ್ಲುತ್ತದೆ ಎಂದರು. ಬೈಯಲಿಲ್ಲ. ಬೈಯದಿರುವುದೇ ನನಗೆ ಕಷ್ಟವಾಗಿ, ದೊಡ್ಡಮ್ಮ ಎರಡು ಮಾತು ಬೈದುಬಿಡಿ ಎಂದೆ.

"ಬೈದಿರೆ ಮುಂದಿನ್ ಸಲ ಯಾರೂ ನಿಜ ಹೇಳ್ತಿಲ್ಲೆ," ಅಂದರು. "ಆಸ್ಪತ್ರೆಗೆ ಎಷ್ಟೋ ಹೆಣ್ಮಕ್ಕ್ಳ್ ಸುಳ್ಳ್ ಹೇಳ್ಕಂಡ್ ಬಪ್ಪುದ್ ಕಂಡಿದೆ. ಹೆದ್ರಿಕೆಗೆ ಹೇಳುದ್ ಅದ್. ನಂಗೆ ನಿಜ ಸಿಕ್ಕಿರೆ ಸಾಕ್, ಮುಂದಿನದ್ ಮಾಡ್ಲಕ್ಕ್."

ಗೆರೆ ಎಳೆದ ದಿನ ಬಂತು, ಹೋಯಿತು. ಬಿಳಿಗೆ ಏನೂ ಆಗಿರಲಿಲ್ಲ. ಅಷ್ಟರೊಳಗೆ ನಾನು ಎಷ್ಟು ಸಲ ಆ ಚೌಕವನ್ನು ನೋಡಿದ್ದೆನೋ.

ಮರಿಗಳಿಗೆ ಎರಡು ತಿಂಗಳು ತುಂಬಿ ಕೆಲವು ದಿನಗಳಾದ ಮೇಲೆ ದೊಡ್ಡಮ್ಮ ಬಂದು ಗಂಡು ಎರಡನ್ನೂ ಹೆಣ್ಣು ಎರಡನ್ನೂ ಬೇರೆ ಮಾಡಿದರು. ಈ ಸಲ ಯಾರೂ ಜಗಳವಾಡಿರಲಿಲ್ಲ, ನಾಲ್ಕೂ ಒಂದೇ ಮುದ್ದೆಯಾಗಿ ಮಲಗುತ್ತಿದ್ದವು. ಜಗಳ ಬರುವ ಮುಂಚೆ ಬೇರೆ ಮಾಡಿದರೆ ಯಾರಿಗೂ ಗಾಯವಿಲ್ಲ, ಅಷ್ಟೇ ವ್ಯತ್ಯಾಸ ಎಂದರು. ಹೆಣ್ಣು ಎರಡೂ ಜೊತೆಯಾಗಿ ಕುಂಭಾಶಿಯ ಒಬ್ಬ ಟೀಚರ್ ಮನೆಗೆ ಹೋದವು. ಗಂಡು ಎರಡನ್ನೂ ಒಟ್ಟಿಗೆ ಬೇಕೆಂದು ಒಬ್ಬರು ಹಟ ಹಿಡಿದರು. ಅವರ ಮನೆಯ ಗೂಡನ್ನು ದೊಡ್ಡಮ್ಮ ಹೋಗಿ ನೋಡಿ, ನಡುವೆ ಜಾಲರಿ ಹಾಕಿಸಿಯೇ ಕೊಟ್ಟರು. ಎರಡು ತಿಂಗಳ ಮೇಲೆ ಅವರೇ ಫೋನ್ ಮಾಡಿ, ಜಾಲರಿ ಇಲ್ಲದಿದ್ದರೆ ಒಂದು ಉಳಿಯುತ್ತಿರಲಿಲ್ಲ ಎಂದರಂತೆ.

ಬೂದಿಗೆ ಆಪರೇಷನ್ ಮಾಡಿಸಬೇಕಾಗಿತ್ತು. ಬ್ರಹ್ಮಾವರದಲ್ಲಿ ಮೊಲಗಳನ್ನು ನೋಡುವ ಒಬ್ಬರು ಪಶುವೈದ್ಯೆ ಇದ್ದಾರೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಅವರೇ ಜೊತೆಗೆ ಬಂದರು. ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯನ್ನು ಮುಚ್ಚಳದೊಳಗೆ ಇಳಿಬಿಟ್ಟು ಕುಳಿತರು. ಕೈ ಯಾಕೆ ಎಂದರೆ ಉಸಿರು ಗೊತ್ತಾಗಲಿ ಎಂದು. ಡಾಕ್ಟರು ಚಿಕ್ಕ ವಯಸ್ಸಿನವರು. ಮೊಲಕ್ಕೆ ಆಪರೇಷನ್ನಿಗೆ ಮುಂಚೆ ಉಪವಾಸ ಬೇಡ ಎಂದು ಹೇಳಲು ಬಾಯಿ ತೆರೆಯುವ ಹೊತ್ತಿಗೆ ದೊಡ್ಡಮ್ಮ ಬುಟ್ಟಿಯಿಂದ ಗರಿಕೆಯ ಕಟ್ಟು ತೆಗೆದು ತೋರಿಸಿದರು. ಡಾಕ್ಟರು ನಕ್ಕು, ಮುಂದಿನದನ್ನು ನನಗಲ್ಲದೆ ಅವರಿಗೇ ಹೇಳತೊಡಗಿದರು. ಆಪರೇಷನ್ ಆದ ಮೇಲೂ ಕಡಿಮೆಯೆಂದರೆ ಒಂದು ತಿಂಗಳು ಹೆಣ್ಣಿನ ಹತ್ತಿರ ಬಿಡಬಾರದು ಎಂದಾಗ ದೊಡ್ಡಮ್ಮ, ನಾವು ಆರು ವಾರ ಕಾಯುತ್ತೇವೆ ಎಂದರು. ಮರಳಿ ಬರುವಾಗ ಬೂದಿ ಬುಟ್ಟಿಯಲ್ಲೇ ಎರಡು ಎಲೆ ತಿಂದಿತು. ದೊಡ್ಡಮ್ಮ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿಗೆ ಅದನ್ನು ಹೇಳಿಕೊಂಡದ್ದು ನನಗೆ ನೆನಪಿದೆ. ಅಷ್ಟು ಖುಷಿ.

ಆರು ವಾರದ ನಂತರ ಎರಡನ್ನೂ ಯಡ್ತರೆಗೆ ಕರೆದೊಯ್ದೆವು. ನಮ್ಮ ಮನೆಯ ಪ್ರತಿ ಮೂಲೆಯೂ ಒಂದಲ್ಲ ಒಂದರದ್ದು. ಯಾರದ್ದೂ ಅಲ್ಲದ ಜಾಗದಲ್ಲೇ ಮತ್ತೆ ಪರಿಚಯ ಆಗಬೇಕು. ನಾನೂ ಮಗಳೂ ದಸರಾ ರಜೆಯ ಹೆಚ್ಚಿನ ದಿನ ಅಲ್ಲೇ ಉಳಿದೆವು. ದೊಡ್ಡಮ್ಮನ ಮನೆಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಆಗಲೇ. ಜಗುಲಿಯಲ್ಲಿ ಏಳು ಮೊಲ, ನಾಲ್ಕು ಮನೆ. ಮೂರು ಒಟ್ಟಿಗೆ, ಎರಡು ಒಟ್ಟಿಗೆ, ಉಳಿದ ಎರಡು ಒಂಟಿ. ಆ ಒಂಟಿಗಳು ಎರಡು ಕಂದು ಹೆಣ್ಣುಗಳು, ಚೀಲದಲ್ಲಿ ಬಂದ ಮೊದಲ ಜೋಡಿ. ನಾಲ್ಕು ವರ್ಷ ಒಂದನ್ನೊಂದು ಬಿಟ್ಟಿರಲಿಲ್ಲವಂತೆ. ಒಂದು ದಿನ ಕಾರಣವೇ ಇಲ್ಲದೆ ಕಚ್ಚಾಡಿದವು. ಈಗ ಜಾಲರಿಯ ಆಚೆ ಈಚೆ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಮಲಗುತ್ತಿದ್ದವು. ಇನ್ನೊಮ್ಮೆ ಸೇರಿಸಿ ನೋಡಬಾರದೇ ಎಂದೆ.

"ಮೂರ್ ಸಲ ಕೇಂಡೆ. ಮೂರ್ ಸಲವೂ ಬ್ಯಾಡ ಅಂದೊ. ನಾಕ್ನೇ ಸಲ ಕೇಣುಕೆ ನಾ ಯಾರ್?"

ಕೆಲಸ ಶುರುವಾಯಿತು. ಮೊದಲ ಮೂರು ದಿನ ನನ್ನ ಮನೆಯಿಂದ ತಂದ ಲೈನಿಂಗ್ ಬಟ್ಟೆಯ ಚೂರುಗಳನ್ನು ಬಿಳಿಯ ಕೆಳಗೂ ಬೂದಿಯ ಕೆಳಗೂ ಹಾಸಿ, ಬೆಳಿಗ್ಗೆ ಅದಲುಬದಲು ಮಾಡುವುದು. ಬೂದಿಯ ವಾಸನೆಯ ಬಟ್ಟೆಯನ್ನು ಬಿಳಿ ಮೊದಲ ದಿನ ಹರಿದು ಹಾಕಿತು. ಎರಡನೆಯ ದಿನ ಮೂಲೆಗೆ ತಳ್ಳಿತು. ಮೂರನೆಯ ದಿನ ಅದರ ಮೇಲೆ ಮಲಗಿತು. ದೊಡ್ಡಮ್ಮ ಜಗುಲಿಯ ಖಾಲಿ ತುದಿಯನ್ನು ತೊಳೆದು, ಒಣಗಿಸಿ, ಎರಡು ರಟ್ಟಿನ ಪೆಟ್ಟಿಗೆ ಇಟ್ಟರು. ಎರಡಕ್ಕೂ ಎರಡೆರಡು ಬಾಗಿಲು ಕೊಯ್ದಿದ್ದರು. ಒಂದೇ ಬಾಗಿಲಿದ್ದರೆ ಒಳಗೆ ಹೋದದ್ದು ಸಿಕ್ಕಿಬೀಳುತ್ತದೆ. ಓಡಲು ದಾರಿಯಿದ್ದರೆ ಹೊಡೆದಾಟ ಅರ್ಧ ಕಡಿಮೆ. ಕೈಗೆ ಅಕ್ಕಿ ಕೇರುವ ಹಳೆಯ ಗೆರಸೆ ಹಿಡಿದು ಕುಳಿತರು. ಜೋರಾಯಿತು ಎನಿಸಿದರೆ ಅದನ್ನು ಎರಡರ ನಡುವೆ ಮೆಲ್ಲಗೆ ಇಳಿಸುವುದು, ಕೈ ಹಾಕುವುದಲ್ಲ.

ಮೊದಲ ದಿನ ಹತ್ತು ನಿಮಿಷ. ಎರಡೂ ಒಂದನ್ನೊಂದು ನೋಡದಂತೆ ನಟಿಸಿದವು. ಎರಡನೆಯ ದಿನ ಬಿಳಿ ಅಟ್ಟಿಸಿಕೊಂಡು ಹೋಯಿತು, ಗೆರಸೆ ಎರಡು ಸಲ ಇಳಿಯಿತು. ಐದನೆಯ ದಿನ ಒಂದೇ ತಟ್ಟೆಯಿಂದ ದಾಸವಾಳದ ಎಲೆ ತಿಂದವು. ಮಗಳು ಚಪ್ಪಾಳೆ ತಟ್ಟುವ ಮುಂಚೆಯೇ ದೊಡ್ಡಮ್ಮ ಎದ್ದು ಎರಡನ್ನೂ ಒಳಗೆ ಹಾಕಿದರು. ಈಗಷ್ಟೇ ಸರಿಯಾಗುತ್ತಿತ್ತಲ್ಲ ಎಂದು ನಾನು ಕೇಳಿದೆ.

"ಒಳ್ಳೆದಿಪ್ಪತಿಗೇ ನಿಲ್ಸ್ಕ್," ಅಂದರು. ಚೆನ್ನಾಗಿರುವಾಗಲೇ ನಿಲ್ಲಿಸಬೇಕಂತೆ.

ಮಧ್ಯಾಹ್ನಗಳಲ್ಲಿ ಅವರಿಗೆ ಒಂದು ಫೋನ್ ಬರುತ್ತಿತ್ತು. ಎದ್ದು ಹಿತ್ತಿಲಿಗೆ ಹೋಗಿ ನಗುತ್ತಾ ಮಾತಾಡುತ್ತಿದ್ದರು. ಯಾರೆಂದು ಕೇಳಿದಾಗ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇನ್ನೊಬ್ಬ ನರ್ಸ್ ಜೊತೆ ಒಂದೇ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಇದ್ದರಂತೆ. ಒಬ್ಬರಿಗೊಬ್ಬರು ಪ್ರಾಣ. ಕಡೆಕಡೆಗೆ ಉಪ್ಪು ಹೆಚ್ಚು, ನೀರು ಕಡಿಮೆ, ದೀಪ ಆರಿಸಲಿಲ್ಲ ಎಂಬ ಮಾತುಗಳೇ ದಿನ ತುಂಬತೊಡಗಿದವು. ಮಾತು ಪೂರ್ತಿ ಕೆಡುವ ಮುಂಚೆ ಒಬ್ಬರು ಬೇರೆ ಕಡೆಗೆ ವರ್ಗ ಕೇಳಿ ಪಡೆದರು. ಕೇಳಿದವರು ದೊಡ್ಡಮ್ಮನೇ. ಆಗ ಊರಿನವರು ಇವರಿಬ್ಬರಿಗೆ ಜಗಳವಾಗಿದೆ ಎಂದು ಆಡಿಕೊಂಡರು. ಅವತ್ತಿನಿಂದ ಇವತ್ತಿನವರೆಗೆ ಮಾತಾಡದ ದಿನ ಇಲ್ಲ.

"ಇಬ್ರೂ ಒಳ್ಳೆಯೋರೇ," ಅಂದರು. "ಒಂದೇ ಅಡ್ಗಿ ಮನಿ ಆಯ್ಲಿಲ್ಲೆ, ಅಷ್ಟೇ."

ಅಷ್ಟು ಹೇಳಿ ಗೂಡು ಗುಡಿಸಲು ಎದ್ದರು. ಅವರ ಬಗ್ಗೆ ನನಗಿದ್ದ ಹಳೆಯ ಹೆದರಿಕೆ ಯಾವಾಗ ಹೋಯಿತೋ ತಿಳಿಯದು. ಅವತ್ತು ಹುಡುಕಿದರೆ ಇರಲಿಲ್ಲ.

ಹದಿಮೂರನೆಯ ದಿನ ನಾವು ಮೂವರೂ ಜಗುಲಿಯಲ್ಲಿ ಕುಳಿತಿದ್ದೆವು. ಬಿಳಿ ನಿಧಾನಕ್ಕೆ ಬೂದಿಯ ಮುಂದೆ ಬಂದು ತಲೆಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ನಿಂತಿತು. ಬೂದಿ ಅಲ್ಲಾಡಲಿಲ್ಲ. ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ದೊಡ್ಡಮ್ಮನ ಕೈಯಲ್ಲಿ ಗೆರಸೆ ಅರ್ಧಕ್ಕೆ ಎದ್ದು ನಿಂತಿತ್ತು. ಬಹಳ ಹೊತ್ತಿನ ಮೇಲೆ ಬೂದಿ ತನ್ನ ಹರಿದ ಕಿವಿಯನ್ನು ಒಮ್ಮೆ ಕೊಡವಿ, ಬಿಳಿಯ ಹಣೆಯನ್ನು ನೆಕ್ಕಿತು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲಿಸಲೇ ಇಲ್ಲ. ದೊಡ್ಡಮ್ಮ ಗೆರಸೆಯನ್ನು ಗೋಡೆಗೆ ಒರಗಿಸಿಟ್ಟರು. ಅವತ್ತು ಎರಡನ್ನೂ ಒಳಗೆ ಹಾಕಲು ಅವರು ಏಳಲಿಲ್ಲ.

ಅದಾಗಿ ಐದು ವರ್ಷ. ಮಗಳು ಈಗ ಹತ್ತನೇ ತರಗತಿ. ಬಿಳಿ, ಬೂದಿ ಎರಡೂ ಒಂದೇ ಗೂಡಿನಲ್ಲಿವೆ. ಜಾಲರಿಯನ್ನು ನಾವು ಕಿತ್ತು ಅಟ್ಟದ ಮೇಲೆ ಹಾಕಿದ್ದೇವೆ, ಮಾರಿಲ್ಲ. ಮಾರಬೇಡಿ ಎಂದು ದೊಡ್ಡಮ್ಮನೇ ಹೇಳಿದ್ದು.

ಕಳೆದ ಏಪ್ರಿಲಿನ ಸೆಕೆಯಲ್ಲಿ ಬಿಳಿ ಒಂದು ಬೆಳಿಗ್ಗೆ ಸೊಪ್ಪು ಮುಟ್ಟಲಿಲ್ಲ. ಹಿಕ್ಕೆ ಹಾಕಿರಲಿಲ್ಲ, ಬೆನ್ನು ಗೂನಾಗಿಸಿ ಕೂತಿತ್ತು. ಮೊಲ ಅರ್ಧ ದಿನ ತಿನ್ನದಿದ್ದರೆ ಕಾಯಬಾರದು ಎಂಬುದು ಈಗ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುಟ್ಟಿ ತೆಗೆದುಕೊಂಡು ಬ್ರಹ್ಮಾವರಕ್ಕೆ ಹೊರಟವಳು ದೊಡ್ಡಮ್ಮನಿಗೆ ಒಂದು ಫೋನ್ ಮಾಡಿದೆ. ಅವರಿಗೆ ಈಗ ಮಂಡಿನೋವು, ಬರಲಾಗಲಿಲ್ಲ. ಎರಡನ್ನೂ ಕರೆದುಕೊಂಡು ಹೋಗು ಎಂದರು. ಒಂದು ಮಾತ್ರ ಹೋಗಿ ಔಷಧದ ವಾಸನೆ ಹೊತ್ತು ಬಂದರೆ ಇನ್ನೊಂದಕ್ಕೆ ಗುರುತು ಸಿಗದೆ ಮೇಲೆ ಬೀಳಬಹುದು. ಅಷ್ಟು ಕಷ್ಟಪಟ್ಟು ಸೇರಿಸಿದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಆರೋಗ್ಯವಾಗಿದ್ದ ಬೂದಿಯೂ ಹಾಗೆ ಬುಟ್ಟಿ ಹತ್ತಿತು. ಒದ್ದೆ ಟವೆಲ್ಲನ್ನು ಬುಟ್ಟಿಯ ಮೇಲೆ ಹೊದಿಸಿ, ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಳು. ಡಾಕ್ಟರು ಬಿಳಿಗೆ ಚರ್ಮದ ಕೆಳಗೆ ಸಲೈನ್ ಕೊಟ್ಟು, ಇಂಜೆಕ್ಷನ್ ಕೊಟ್ಟು, ಹೊಟ್ಟೆ ನೀವಿ, ಸಂಜೆಯವರೆಗೆ ಅಲ್ಲೇ ಇರಿಸಿಕೊಂಡರು. ಬೂದಿ ಅದರ ಪಕ್ಕ ಒತ್ತಿಕೊಂಡು ಕುಳಿತಿತ್ತು. ತನ್ನ ಮುಂದೆ ಇಟ್ಟ ಕೊತ್ತಂಬರಿಯನ್ನು ಅದೂ ಮುಟ್ಟಿರಲಿಲ್ಲ. ಐದು ಗಂಟೆಯ ಹೊತ್ತಿಗೆ ಬಿಳಿ ಮೂಗು ಆಡಿಸಿ, ಒಂದು ದಂಟನ್ನು ಎಳೆದುಕೊಂಡು ತಿನ್ನತೊಡಗಿತು. ಬೂದಿ ಅದರ ಬಾಯಿಂದ ಜೋತಿದ್ದ ಇನ್ನೊಂದು ತುದಿಯನ್ನು ಹಿಡಿಯಿತು. ಮಗಳು ಯಡ್ತರೆಗೆ ಫೋನ್ ಮಾಡಿ, ಎರಡೂ ತಿನ್ನುತ್ತಿವೆ ಎಂದು ಹೇಳಿದಳು. ಆ ಕಡೆಯಿಂದ ದೊಡ್ಡಮ್ಮ ಏನಂದರೋ ನನಗೆ ಕೇಳಿಸಲಿಲ್ಲ. ಮಗಳು ಮಾತ್ರ ತುಂಬ ಹೊತ್ತು ಹೂಂ, ಹೂಂ ಎನ್ನುತ್ತಾ ಫೋನನ್ನು ಕಿವಿಗೊತ್ತಿ ನಿಂತಿದ್ದಳು.